ಎಡಗಡೆ ಮೂರು ದಳ

ಮೂರು, ಎಡಗಡೆ ಮೂರು ದಳ, ಅದೂ ಪೆನ್ಸಿಲ್ಲಿನಲ್ಲಿ, ಪೆನ್ಸಿಲ್ ಹಿಡಿಯುವವರು ಇನ್ನೂ ಇದ್ದಾರೆಯೇ, ನಲವತ್ತು ಅಸೈನ್‌ಮೆಂಟ್ ನೋಡಿಯಾಯಿತು, ಎಲ್ಲದರಲ್ಲೂ ಅದೇ ಅಚ್ಚುಕಟ್ಟಾದ ಹೃದಯದ ಚಿತ್ರ, ಕೊನೆಗೆ ಅದೇ ‘ಒಟ್ಟಾರೆಯಾಗಿ ಹೇಳುವುದಾದರೆ’, ಮೊಬೈಲನ್ನು ಕೇಳಿದರೆ ಅರೆಕ್ಷಣದಲ್ಲಿ ಬರೆದುಕೊಡುತ್ತದೆ, ತಪ್ಪು ಹುಡುಕೋಣವೆಂದರೆ ಒಂದೂ ಇಲ್ಲ, ಹತ್ತಕ್ಕೆ ಒಂಬತ್ತು, ಒಂಬತ್ತು, ಒಂಬತ್ತು, ಕೊಟ್ಟು ಕೊಟ್ಟು ನನಗೇ ಆಕಳಿಕೆ, ಈ ನಲವತ್ತೊಂದನೆಯದರಲ್ಲಿ ಮಾತ್ರ ಹೃದಯ ಸೊಟ್ಟಗಿದೆ, ಎಡಗಡೆಯ ಕವಾಟಕ್ಕೆ ಮೂರು ದಳ, ಇರಬೇಕಾದದ್ದು ಎರಡು, ಮೂರಿರುವುದು ಬಲಗಡೆ, ಸ್ಕೂಲು ಮಕ್ಕಳಿಗೂ ಗೊತ್ತು — ಕೆಂಪು ಗೀಟು ಎಳೆದೆ, ಮೂರು ಅಂಕ ಹಾಕಿದೆ, ಪಾಸಾಗಲು ನಾಲ್ಕು ಬೇಕು, ಇದರಲ್ಲಿ ಫೇಲಾದರೆ ಪರೀಕ್ಷೆಗೇ ಕೂರಿಸುವುದಿಲ್ಲ, ಅದಿರಲಿ, ಯಾಕೆ ಮೂರು, ಮೊಬೈಲು ಇಂಥ ತಪ್ಪು ಮಾಡುವುದಿಲ್ಲ, ಪುಸ್ತಕದಲ್ಲೂ ಇಲ್ಲ, ಎಲ್ಲಿಂದ ತಂದಳು ಇವಳು, ಕೊನೆಯ ಬೆಂಚಿನ ಮೌನಗೌರಿ, ವರ್ಷವಿಡೀ ಬಾಯಿ ಬಿಟ್ಟಿದ್ದನ್ನು ಕಾಣೆ. ತಡೆಯಲಾರದೆ ಸ್ಟಾಫ್ ರೂಮಿಗೆ ಕರೆಸಿದೆ, ಇದನ್ನ ಯಾರಮ್ಮ ಹೇಳಿಕೊಟ್ಟಿದ್ದು, ಅವಳು ನೆಲ ನೋಡುತ್ತಾ, ನೀವೇ ಮೇಡಂ, ಮಂಗಳವಾರ ಬೋರ್ಡ್ ಮೇಲೆ ಬರೆದ್ರಲ್ಲ.

ಮಂಗಳವಾರ, ಹೌದು, ಪ್ರೊಜೆಕ್ಟರ್ ಕೆಟ್ಟಿತ್ತು, ಎಷ್ಟೋ ತಿಂಗಳ ಮೇಲೆ ಚಾಕ್ ಹಿಡಿದಿದ್ದೆ, ಚಿತ್ರದಲ್ಲಿ ನಮ್ಮ ಎಡಕ್ಕಿರುವುದು ಹೃದಯದ ಬಲ, ಜೋಕೆ, ಎಂದು ಇಪ್ಪತ್ತು ವರ್ಷ ಹೇಳಿದವಳು ನಾನೇ, ಅವರ ಕಡೆ ತಿರುಗಿ ಕೈಬೀಸುವ ಭರದಲ್ಲಿ ನಾನೇ ಎಡವಿದೆನೇ, ನಡೆಯುವವರು ಎಡವದೆ ಕುಳಿತವರು ಎಡವುತ್ತಾರೆಯೇ, ನಮ್ಮೆಜಮಾನರಂತೂ ಕಾರಿನಲ್ಲಿ, ನೀನು ಎಡಕ್ಕೆ ಅಂದ್ರೆ ನಾನು ಬಲಕ್ಕೆ ತಿರುಗಿಸ್ಕೋತೀನಿ ಬಿಡು — ಆದರೆ ಉಳಿದ ನಲವತ್ತು ಮಂದಿಯೂ ಅಲ್ಲೇ ಕೂತಿದ್ದರಲ್ಲ, ಒಬ್ಬರಿಗೂ ನನ್ನ ತಪ್ಪು ಅಂಟಲಿಲ್ಲ, ಅಂದರೆ ಒಬ್ಬರೂ ಕೇಳಿಸಿಕೊಂಡಿಲ್ಲ, ಗೋಡೆಗೆ ಪಾಠ ಮಾಡಿ ಬಂದೆ, ನಗು ಬರುತ್ತಿದೆ, ನಾಚಿಕೆಯೂ ಆಗುತ್ತಿದೆ, ವಿಭಾಗದ ಮುಖ್ಯಸ್ಥರು ಬಾಗಿಲಲ್ಲಿ ಇಣುಕಿ, ಮಾರ್ಕ್ಸ್ ಏರಿಸಿಬಿಡಿ ಮೇಡಂ, ಹನ್ನೆರಡಕ್ಕೆ ಪೋರ್ಟಲ್ ಮುಚ್ಚುತ್ತೆ, ಏರಿಸುತ್ತೇನೆ ಸರ್, ಮೂರನ್ನು ಏಳು ಮಾಡಬಹುದು, ಹಾಳೆಯ ಮೇಲೆ ಹಾಕಿದ ಅಂಕ ತಿದ್ದಿದರೆ ಯಾಕೆಂದು ಪಕ್ಕದಲ್ಲೇ ಕಾರಣ ಬರೆಯಬೇಕು, ಪಾಠ ಮಾಡಿದವಳ ತಪ್ಪು ಎಂದು ನನ್ನ ಕೈಯಾರೆ, ವಿಭಾಗದವರೆಲ್ಲ ಓದುತ್ತಾರೆ, ಓದಲಿ, ಕೇಳಿಸಿಕೊಂಡ ಒಬ್ಬಳೇ ಒಬ್ಬಳನ್ನು ಫೇಲು ಮಾಡಿ ಇನ್ನು ಯಾರಿಗೆ ಪಾಠ ಹೇಳಲಿ. ಅವಳಿನ್ನೂ ನಿಂತೇ ಇದ್ದಾಳೆ, ಅಲ್ಲಮ್ಮ, ಪುಸ್ತಕದಲ್ಲಿ ಎರಡು ಅಂತ ಇದ್ಯಲ್ಲ, ನೋಡ್ಲಿಲ್ವಾ, ನೋಡಿದ್ದೆ ಮೇಡಂ, ಮತ್ತೆ ಯಾಕೆ, ಅವಳು ಹಾಳೆಯತ್ತ ಕಣ್ಣು ಹಾಯಿಸಿ ತಲೆ ತಗ್ಗಿಸುತ್ತಾಳೆ, ಏನಿದೆ ಅಲ್ಲಿ, ಕಿಟಕಿಯ ಬೆಳಕಿಗೆ ಹಿಡಿಯುತ್ತೇನೆ, ಮೂರು ದಳಗಳ ಕೆಳಗೆ ಕಾಗದ ಸವೆದು ತೆಳ್ಳಗಾಗಿದೆ, ರಬ್ಬರಿನಿಂದ ಉಜ್ಜಿದ್ದಾಳೆ, ಉಜ್ಜಿದರೂ ಗೀರು ಹೋಗಿಲ್ಲ, ಎರಡು, ಮೊದಲು ಸರಿಯಾಗಿ ಎರಡೇ ಬರೆದಿದ್ದಳು, ಆಮೇಲೆ ನಾನು ಹೇಳಿದೆನೆಂದು ಅಳಿಸಿದ್ದಾಳೆ, ಎರಡು, ಅದರ ಮೇಲೆ ನನ್ನ ಮೂರು, ಎರಡು, ಮೇಲೆ ಮೂರು