ಉಪ್ಪಿನ ತಟ್ಟೆಯ ಚಿಲ್ಲರೆ

ಶನಿವಾರ ಬೆಳಿಗ್ಗೆ ಫೋನ್ ಬಂದಾಗ ನನ್ನ ಕೈಗೆ ಮೊಣಕೈವರೆಗೂ ಹಿಟ್ಟು ಮೆತ್ತಿತ್ತು. ಆ ಕಡೆ ನನ್ನ ತಮ್ಮ ಅನ್ಸೆಲ್ಮೊ. ಮೆಕ್ಸಿಕೊ ದೇಶಕ್ಕೆಲ್ಲ ಅವನು ಅಧ್ಯಕ್ಷ, ಅರ್ಥಶಾಸ್ತ್ರದ ಡಾಕ್ಟರು. ನನಗೆ ಮಾತ್ರ ಚೆಮೊ, ನಾನು ಊರಿಗೆಲ್ಲ ಕುಕಾ.

"ಅಕ್ಕಾ, ನಾಳೆ ಅಂಗಡಿಗೆ ಬರ್ತೀನಿ. ಟೀವಿಯವರೂ ಇರ್ತಾರೆ."

"ಬಾರೋ. ರೊಟ್ಟಿ ಯಂತ್ರ ಕಿರ್ ಅಂತಿದೆ, ಎಣ್ಣೆ ಬಿಟ್ಟು ಹೋಗು."

ಅವನು ನಗಲಿಲ್ಲ. ದನಿ ತಗ್ಗಿಸಿದ. "ಸೋಮವಾರದಿಂದ ಮೆಕ್ಕೆಜೋಳಕ್ಕೆ ಸಬ್ಸಿಡಿ ಇಲ್ಲ. ಕಿಲೋ ರೊಟ್ಟಿ ಒಂದು ಪೆಸೊ ಇದ್ದದ್ದು ಎರಡೂವರೆ ಆಗತ್ತೆ. ಯಾರ ಹತ್ರಾನೂ ಬಾಯಿ ಬಿಡಬೇಡ. ಸುದ್ದಿ ಹೊರಬಿದ್ರೆ ದೊಡ್ಡ ವ್ಯಾಪಾರಿಗಳು ಜೋಳಾನೆಲ್ಲ ಬಚ್ಚಿಡ್ತಾರೆ. ನೀನು ಬೇಕಿದ್ರೆ ಇವತ್ತೇ ಹತ್ತು ಮೂಟೆ ತಂದಿಟ್ಕೋ."

"ಥೂ! ನನ್ನನ್ನೂ ಆ ಕಳ್ಳರ ಸಾಲಿಗೆ ಸೇರಿಸಿದೆಯೇನೋ?" ಎಂದು ಫೋನ್ ಕುಕ್ಕಿದೆ. ಕುಕ್ಕಿದೆ ನಿಜ, ಕೇಳಿದ್ದನ್ನು ಕೇಳಿಲ್ಲ ಅನ್ನುವುದು ಹೇಗೆ? ಬಿಸಿ ತುಪ್ಪ ಬಾಯಿಗೆ ಬಿದ್ದಂತಾಯಿತು. ಉಗುಳುವ ಹಾಗಿಲ್ಲ, ನುಂಗುವ ಹಾಗಿಲ್ಲ.

ನಮ್ಮ ಅಂಗಡಿಯ ಕಟ್ಟೆಯ ಮೇಲೆ ಅಮ್ಮನ ಕಾಲದ ಒಂದು ಮಣ್ಣಿನ ತಟ್ಟೆಯಿದೆ, ತುಂಬ ಉಪ್ಪು. ಸಾಲಿನಲ್ಲಿ ನಿಂತವರಿಗೆ ಯಂತ್ರದಿಂದ ಬಿದ್ದ ಬಿಸಿ ರೊಟ್ಟಿ ಒಂದೊಂದು ಕೊಡುತ್ತೇವೆ. ಅವರು ಉಪ್ಪು ಉದುರಿಸಿ ಸುರುಳಿ ಸುತ್ತಿ ನಿಂತಲ್ಲೇ ತಿನ್ನುತ್ತಾರೆ. ಅದಕ್ಕೆ ದುಡ್ಡಿಲ್ಲ. ಕೇಳಿದರೆ ನಮಗೇ ಅವಮಾನ.

ಚೆಮೊಗೆ ರಾಜಧಾನಿಯಲ್ಲಿ ಓದಲು ಸೀಟು ಸಿಕ್ಕಿದಾಗ ಬಸ್ಸಿಗೆ ಕಾಸಿರಲಿಲ್ಲ. ಅಮ್ಮ ಯಾರ ಮುಂದೂ ಕೈಯೊಡ್ಡುವವಳಲ್ಲ. ಆ ವಾರ ಸಾಲಿನ ಹೆಂಗಸರು ಮಿಕ್ಕ ಚಿಲ್ಲರೆಯನ್ನು ಆ ಉಪ್ಪಿನ ತಟ್ಟೆಗೇ ಹಾಕಿ ಹೋದರು. ಮೊದಲು ಹಾಕಿದವಳು ದೊಮಿತಿಲಾ, ಊರವರ ಬಟ್ಟೆ ಒಗೆದು ಬದುಕುವವಳು. ಚೆಮೊ ನಾಣ್ಯಗಳ ಉಪ್ಪು ತೊಳೆದು, ಮೂರು ಸಲ ಎಣಿಸಿ, ಬಸ್ಸು ಹತ್ತಿದ. ಆಮೇಲೆ ಪರದೇಶದಲ್ಲಿ ಡಾಕ್ಟರೇಟು, ಬ್ಯಾಂಕು, ಹಣಕಾಸು ಮಂತ್ರಿ. ಈಗ ಎದೆಯ ಮೇಲೆ ಅಧ್ಯಕ್ಷರ ಪಟ್ಟಿ. ಅವನು ಕೆಟ್ಟವನಲ್ಲ. ಖಜಾನೆ ಬರಿದಾಗಿದೆ ಅಂದರೆ ಬರಿದಾಗಿಯೇ ಇರುತ್ತದೆ. ಲೆಕ್ಕದಲ್ಲಿ ಅವನು ಎಂದೂ ತಪ್ಪಿದವನಲ್ಲ.

ಆ ರಾತ್ರಿ ಕಣ್ಣಿಗೆ ನಿದ್ದೆ ಹತ್ತಲಿಲ್ಲ. ನಾಳೆ ಬಿಟ್ಟು ಮುಂದಿನ ಭಾನುವಾರ ದೊಮಿತಿಲಾಳ ಮಗಳ ಮದುವೆ. ಅರವತ್ತು ಕಿಲೋ ರೊಟ್ಟಿ ಹೇಳಿದ್ದಾಳೆ. ರೇಟು ಏರತ್ತಾ ಅಂತ ಅವಳು ಬಾಯಿಬಿಟ್ಟು ಕೇಳಿಬಿಟ್ಟರೆ? ದೇವರೇ, ಅವಳು ಕೇಳದಿರಲಿ ಅಂತ ದೇವಮಾತೆಗೆ ಮೇಣದ ಬತ್ತಿ ಹಚ್ಚಿದೆ.

ಭಾನುವಾರ ಚರ್ಚಿನ ಪೂಜೆ ಮುಗಿಯುತ್ತಲೇ ಕಾರುಗಳು ಬಂದವು. ಚೆಮೊ ಕೋಟು ಬಿಚ್ಚಿ, ತೋಳು ಮಡಚಿ ರೊಟ್ಟಿ ತೂಗಿದ. ಉಪ್ಪು ಹಾಕಿಕೊಂಡು ಒಂದು ತಿಂದ. ಕ್ಯಾಮೆರಾದವರಿಗೆ ಹಬ್ಬ. ನಾನು ಎರಡು ಸಲ ಬೆರಳು ಸುಟ್ಟುಕೊಂಡೆ.

ದೊಮಿತಿಲಾ ಸಾಲು ಬಿಟ್ಟು ಮುಂದೆ ಬಂದಳು.

"ಏನೋ ಚೆಮೊ, ಇಷ್ಟು ಸೊರಗಿದೀಯ! ಅರಮನೆಯಲ್ಲಿ ಹೊಟ್ಟೆಗೆ ಹಾಕಲ್ವೇನೋ?"

ಎಲ್ಲರೂ ನಕ್ಕರು. ಅವನೂ ನಕ್ಕ.

"ಇರಲಿ, ಒಂದು ಮಾತು ಹೇಳು. ರೊಟ್ಟಿ ರೇಟು ಏರತ್ತಂತೆ, ಹೌದಾ? ಏರೋ ಹಾಗಿದ್ರೆ ನನ್ನ ಹತ್ರ ಇರೋ ದುಡ್ಡಿಗೆ ಇವತ್ತೇ ಜೋಳ ತಂದು ಕುಕಾ ಹತ್ರ ಹಾಕ್ತೀನಿ. ಮಗಳ ಮದುವೆ ಕಣೋ."

"ನೋಡಮ್ಮ, ಬೆಲೆ ಅನ್ನೋದು ಅನೇಕ ಅಂಶಗಳ ಮೇಲೆ..."

"ಅಂಶ ಗಿಂಶ ನನಗೆ ಬೇಡಪ್ಪ. ಏರತ್ತೋ ಇಲ್ವೋ?"

ಚೆಮೊ ತಕ್ಕಡಿಯ ರೊಟ್ಟಿಗಳನ್ನು ಮತ್ತೆ ಜೋಡಿಸತೊಡಗಿದ. ಕ್ಯಾಮೆರಾದ ಕೆಂಪು ದೀಪ ಉರಿಯುತ್ತಲೇ ಇತ್ತು. ಅವಳು ನನ್ನ ಕಡೆ ತಿರುಗಿದಳು.

"ಹೋಗಲಿ, ದೊಡ್ಡವರಿಗೆ ಹೇಳೋಕಾಗಲ್ಲ. ನೀನು ಹೇಳೇ ಕುಕಾ. ನಿನ್ನ ಮಾತು ನನಗೆ ಸಾಕು."

ಚೆಮೊ ನನ್ನನ್ನೇ ನೋಡಿದ. ಬಸ್ಸು ಹತ್ತಿದ ದಿನ ಕಿಟಕಿಯಲ್ಲಿ ಕಂಡ ಮುಖವೇ ಅದು. ನನ್ನ ನಾಲಿಗೆಗೆ ಏನಾಯಿತೋ.

"ಏರಲ್ಲ ಕಣೇ," ಅಂದೆ. "ಸುಮ್ನೆ ಯಾಕೆ ಹೆದರ್ತೀಯ?"

ಅವಳು ನನ್ನ ಗಲ್ಲ ಸವರಿ, ಒಂದು ಕಿಲೋ ರೊಟ್ಟಿ ಬಟ್ಟೆಯಲ್ಲಿ ಸುತ್ತಿಕೊಂಡು ಹೋದಳು. ಜೋಳ ತರಲಿಲ್ಲ. ಆ ದುಡ್ಡಿನಲ್ಲಿ ಸಂಜೆ ಮಗಳಿಗೆ ಬಿಳಿ ಚಪ್ಪಲಿ ಕೊಂಡಳಂತೆ.

ಸೋಮವಾರ ಬೆಳಿಗ್ಗೆ ಆರಕ್ಕೆ ರೇಡಿಯೊ ಹೇಳಿತು. ಹಲಗೆಯ ಮೇಲೆ ಎರಡೂವರೆ ಎಂದು ಬರೆದೆ. ಯಾರೂ ಬರದಿದ್ದರೆ ಅನ್ನುವ ಭಯ ಒಂದು, ಬಂದು ಬೈದರೆ ಅನ್ನುವುದು ಇನ್ನೊಂದು. ಬೈಯಲಿ, ಬೈದರೆ ಮನಸ್ಸು ಹಗುರಾಗುತ್ತದೆ ಅಂತಲೂ ಅನ್ನಿಸಿತು.

ಬಂದರು. ಹೊಟ್ಟೆ ಕೇಳಬೇಕಲ್ಲ. ಸಾಲಿನಲ್ಲಿ ಮೊದಲು ದೊಮಿತಿಲಾ. ಹಲಗೆ ಓದಿದಳು.

"ಮದುವೆಯ ಅರವತ್ತು ಕಿಲೋ ಹಳೇ ರೇಟಿಗೇ ಕೊಡ್ತೀನಿ ಕಣೇ," ಅಂದೆ.

"ಬೇಡಮ್ಮ. ಮೂವತ್ತು ಸಾಕು. ಹಲಗೆಯ ರೇಟೇ ಹಾಕ್ಕೋ."

ಯಂತ್ರದಿಂದ ಬಿದ್ದ ಬಿಸಿ ರೊಟ್ಟಿ ಅವಳ ಮುಂದೆ ಹಿಡಿದೆ. ತೆಗೆದುಕೊಳ್ಳದೆ ಹೋಗುತ್ತಾಳೆ ಅಂದುಕೊಂಡಿದ್ದೆ. ಇಲ್ಲ, ತೆಗೆದುಕೊಂಡಳು. ಉಪ್ಪು ಹಾಕಿ, ಸುರುಳಿ ಸುತ್ತಿ, ನಿಧಾನವಾಗಿ ಅಗಿದು ತಿಂದಳು. ಆಮೇಲೆ ಸೆರಗಿನಂತೆ ಹೊದ್ದ ಶಾಲಿನ ಗಂಟು ಬಿಚ್ಚಿ ಒಂದು ನಾಣ್ಯ ತೆಗೆದು ಉಪ್ಪಿನ ತಟ್ಟೆಯಲ್ಲಿಟ್ಟಳು.

"ಇದೇನೇ, ದೊಮಿ?"

"ತಿಂದಿದ್ದಕ್ಕೆ. ನಿಮ್ಮ ಉಪ್ಪಿನ ಋಣ ನಮಗೆ ಬೇಡ ಕುಕಾ."

ಅವಳ ಹಿಂದಿನವಳೂ ರೊಟ್ಟಿ ತಿಂದು ನಾಣ್ಯ ಇಟ್ಟಳು. ಅವಳ ಹಿಂದಿನವಳೂ ಇಟ್ಟಳು. ಒಬ್ಬರೂ ದನಿಯೆತ್ತಲಿಲ್ಲ. "ತೆಗೀರೇ ಅದನ್ನ!" ಎಂದು ಕಿರುಚಿ ನಾನೇ ಅತ್ತುಬಿಟ್ಟೆ. ಯಾರೂ ತೆಗೆಯಲಿಲ್ಲ.

ಹತ್ತಕ್ಕೆ ಫೋನ್ ಬಂತು.

"ಅಕ್ಕಾ, ಅಲ್ಲಿ ಗಲಾಟೆ ಏನಾದ್ರೂ..."

"ಇಲ್ಲ."

"ಮತ್ತೆ ಜನ ಏನಂತಾರೆ?"

"ಏನೂ ಅನ್ನಲಿಲ್ಲ ಚೆಮೊ. ಉಪ್ಪಿನ ತಟ್ಟೆಗೆ ಚಿಲ್ಲರೆ ಹಾಕಿ ಹೋದ್ರು. ತಟ್ಟೆ ತುಂಬಿದೆ."

ಅಭ್ಯಾಸಬಲವೋ ಏನೋ, ಅವನು ಕೇಳಿದ:

"ಎಷ್ಟಿದೆ ಅಕ್ಕಾ?"

"ನೀನೇ ಬಾ," ಅಂದೆ. "ಬಂದು ತೊಳೆದು ಎಣಿಸು."