ಬಳಕೆಯಲ್ಲಿಲ್ಲದ ಫೈಲುಗಳು

ನಮ್ಮ ಭಾವನಿಗೆ ಶುಚಿಯ ಹುಚ್ಚು. ಸ್ಟುಡಿಯೋದ ಮೇಜಿನ ಮೇಲೆ ಚಹಾ ಲೋಟದ ಗುರುತು ಬಿದ್ದರೆ ಅವರಿಗೆ ರಾಗವೇ ಹೊಳೆಯುವುದಿಲ್ಲ. ವೈರುಗಳನ್ನೆಲ್ಲ ಸುತ್ತಿ ಮೊಳೆಗೆ ನೇತುಹಾಕುತ್ತಾರೆ, ಹೆಡ್‌ಫೋನಿನ ಕಿವಿ ಒರೆಸುತ್ತಾರೆ. ಅದಕ್ಕೆಲ್ಲ ನನ್ನ ತಕರಾರಿಲ್ಲ. ಕಂಪ್ಯೂಟರ್ ಒಂದನ್ನು ಮುಟ್ಟಬೇಡಿ ಅಂತ ಹೇಳಿ ಹೇಳಿ ಮಾತ್ರ ನನ್ನ ಬಾಯಿ ಸವೆದಿತ್ತು. ಅವರು ಅಕ್ಕನ ಗಂಡ, ಹಾಡಿಗೆ ಸಂಗೀತ ಕೂರಿಸುವವರು. ನಾನು ಅದನ್ನು ರೆಕಾರ್ಡ್ ಮಾಡುವವಳು. ಅವರ ಕೀಬೋರ್ಡನ್ನು ನಾನು ಯಾವತ್ತಾದರೂ ಮುಟ್ಟಿದ್ದೇನೆಯೇ?

ಗುರುವಾರ ಬೆಳಿಗ್ಗೆ ನಾನು ಒಳಗೆ ಕಾಲಿಡುತ್ತಿದ್ದಂತೆ ಭಾವ ಕುರ್ಚಿ ತಿರುಗಿಸಿ ನಕ್ಕರು.

"ಡಿಸ್ಕ್ ತುಂಬೋಯ್ತು ಅಂತ ಗೋಳಾಡ್ತಿದ್ಯಲ್ಲ, ಖಾಲಿ ಮಾಡಿಕೊಟ್ಟಿದೀನಿ ನೋಡು. ಅರ್ಧಕ್ಕರ್ಧ ಜಾಗ ಸಿಕ್ತು."

ನಾನು ಹೆಗಲ ಚೀಲ ಕೆಳಗಿಡಲಿಲ್ಲ. "ಏನು ತೆಗೆದ್ರಿ ಭಾವ?"

"ಬೇಡದ್ದು. ನಾನೇನು ಕಣ್ಣು ಮುಚ್ಕೊಂಡು ತೆಗೆದ್ನಾ? ಕಂಪ್ಯೂಟರೇ ಹೇಳ್ತು, ಇವೆಲ್ಲ ಬಳಕೆಯಲ್ಲಿಲ್ಲ ಅಂತ. ಶಾಶ್ವತವಾಗಿ ಅಳಿಸ್ಲಾ ಅಂತ ಎರಡೆರಡು ಸಲ ಕೇಳ್ತು. ಹೂಂ ಅಂದೆ."

"ಆಗ ಯಾವ ಪ್ರಾಜೆಕ್ಟ್ ತೆರೆದಿತ್ತು?"

"ನಿಮ್ಮಕ್ಕನ ಹಾಡು. ವಾದ್ಯದವರ ಅಭ್ಯಾಸಕ್ಕೆ ಅಂತ ದನಿ ತೆಗೆದು ಇನ್ನೊಂದು ಮಾಡಿದ್ಯಲ್ಲ, ಅದು."

ಭಾವನನ್ನು ಕುರ್ಚಿಯಿಂದ ಎಬ್ಬಿಸಿ ನಾನು ಕೂತೆ.

ಪ್ರಾಜೆಕ್ಟ್ ಅನ್ನುವುದು ಹಾಡಲ್ಲ. ಯಾವ ಫೈಲು ಎಲ್ಲಿ ಶುರುವಾಗಬೇಕು, ಎಲ್ಲಿ ನಿಲ್ಲಬೇಕು ಅಂತ ನೆನಪಿಟ್ಟುಕೊಳ್ಳುವ ಗುಮಾಸ್ತ, ಅಷ್ಟೆ. ನಿಜವಾದ ದನಿ ಪಕ್ಕದ ಫೋಲ್ಡರಿನಲ್ಲಿ ಮಲಗಿರುತ್ತದೆ. ಅಕ್ಕನ ಹಾಡಿಗೆ ಅಂಥ ಗುಮಾಸ್ತರು ಇಬ್ಬರಿದ್ದರು: ಒಂದು ಪೂರ್ತಿ ಹಾಡು, ಇನ್ನೊಂದು ದನಿ ತೆಗೆದದ್ದು. ಇಬ್ಬರಿಗೂ ಫೋಲ್ಡರ್ ಒಂದೇ. ದನಿಯಿಲ್ಲದ ಪ್ರಾಜೆಕ್ಟಿನಲ್ಲಿ ಕೂತು ಬೇಡದ್ದು ಯಾವುದು ಅಂತ ಕೇಳಿದರೆ ಅದು ಇನ್ನೇನು ಹೇಳೀತು? ದನಿಯೇ ಬೇಡ ಅನ್ನುತ್ತದೆ. ಪಕ್ಕದವನಿಗೆ ಬೇಕೇನೋ ಅಂತ ಯೋಚಿಸುವ ಬುದ್ಧಿ ಅದಕ್ಕಿಲ್ಲ. ಅದಕ್ಕೇ ನಾನು ಎಂದೂ ನೇರವಾಗಿ ಅಳಿಸುವವಳಲ್ಲ. ಬೇಡದ್ದನ್ನು ಬೇರೆ ಫೋಲ್ಡರಿಗೆ ಸರಿಸಿ, ಎಲ್ಲ ಪ್ರಾಜೆಕ್ಟುಗಳನ್ನೂ ತೆರೆದು ಕೇಳಿ, ವಾರ ಬಿಟ್ಟು ಆಮೇಲೆ ತೆಗೆಯುತ್ತೇನೆ. ಭಾವ ಎರಡು ಸಲ ಹೂಂ ಅಂದಿದ್ದರು.

ಪೂರ್ತಿ ಹಾಡಿನ ಪ್ರಾಜೆಕ್ಟ್ ತೆರೆದೆ. ಅಕ್ಕನ ದನಿ ಇರಬೇಕಾದ ಸಾಲು ಖಾಲಿ. ಫೈಲು ಸಿಗುತ್ತಿಲ್ಲ ಅಂತ ಕಂಪ್ಯೂಟರ್ ಸಭ್ಯವಾಗಿ ಹೇಳಿತು.

ಬ್ಯಾಕಪ್ ನಾನು ಪ್ರತಿ ಶನಿವಾರ ತೆಗೆಯುತ್ತೇನೆ. ಅಕ್ಕ ಹಾಡಿದ್ದು ಸೋಮವಾರ. ಮಂಗಳವಾರ ಡಾಕ್ಟರು ಅವಳ ಗಂಟಲೊಳಗೆ ದೀಪ ಬಿಟ್ಟು ನೋಡಿ ಬಾಯಿಗೆ ಬೀಗ ಹಾಕಿದ್ದರು. ಧ್ವನಿತಂತುವಿನ ಮೇಲೊಂದು ಗಂಟು, ಅದರ ಮೇಲೆ ಉಬ್ಬಿದ ರಕ್ತನಾಳ. ಶುಕ್ರವಾರ ಆಪರೇಷನ್, ಅಲ್ಲಿಯವರೆಗೆ ಒಂದು ಅಕ್ಷರ ಆಡಕೂಡದು, ನಾಳ ಒಡೆದರೆ ದನಿ ಹೋದ ಹಾಗೇ. ಆಪರೇಷನ್ ಸರಿಯಾದರೂ ಹಾಡುವ ದನಿ ಬಂದೇ ಬರುತ್ತದೆ ಅಂತ ಹೇಳಲಾರೆ ಅಂದಿದ್ದರು. ಇಷ್ಟು ವರ್ಷ ಬೇರೆಯವರು ಬರೆದದ್ದನ್ನೇ ಹಾಡಿಕೊಂಡು ಬಂದ ಅಕ್ಕ, ತಾನೇ ಬರೆದು ಹಾಡಿದ್ದು ಅದೊಂದನ್ನೇ.

"ಭಾವ, ಇದು ತೆಗೆದ ಮೇಲೆ ಡಿಸ್ಕಿಗೆ ಏನಾದ್ರೂ ರೆಕಾರ್ಡ್ ಮಾಡಿದ್ರಾ?"

"ಜಾಹೀರಾತಿನ ಡ್ರಮ್ಸ್‌ನೋರು ಬೇಗ ಬಂದಿದ್ರು. ಒಂದು ಸಣ್ಣ ತುಂಡು... ಯಾಕೆ, ಏನಾಯ್ತು?"

ನಾನು ಕಂಪ್ಯೂಟರಿನ ಪಕ್ಕದಲ್ಲಿದ್ದ ಡಿಸ್ಕಿನ ವೈರು ಕಿತ್ತೆ. ಅಳಿಸಿದ ಫೈಲು ಕೂಡಲೇ ಸಾಯುವುದಿಲ್ಲ. ಅದರ ಜಾಗಕ್ಕೆ ಬೇರೊಂದು ಬಂದು ಕೂತಾಗ ಸಾಯುತ್ತದೆ. ಡ್ರಮ್ಸ್ ಎಲ್ಲಿ ಕೂತಿದೆಯೋ ದೇವರೇ ಬಲ್ಲ. ಅಳಿದ ಫೈಲು ಹೊರತೆಗೆಯುವ ಅಂಗಡಿಯವನಿಗೆ ಫೋನ್ ಮಾಡಿದೆ. ಅವನು ಅವಸರವಿಲ್ಲದ ದನಿಯಲ್ಲಿ, "ಏನೂ ಬರೀಬೇಡಿ ಅದರ ಮೇಲೆ. ಬೀಳಿಸ್ಬೇಡಿ. ಹಾಗೇ ತನ್ನಿ, ನೋಡೋಣ," ಅಂದ. ಈ ನೋಡೋಣ ಅನ್ನುವ ಮಾತಿನಷ್ಟು ಹೆದರಿಸುವ ಮಾತು ಇನ್ನೊಂದಿಲ್ಲ.

ಭಾವನನ್ನು ಬಯ್ಯಬೇಕು ಅಂತ ಬಾಯಿ ತೆರೆದೆ, ಅಷ್ಟರಲ್ಲಿ ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದಾಯಿತು.

ಅಕ್ಕ. ಕೈಯಲ್ಲಿ ಆಸ್ಪತ್ರೆಗೆ ಕಟ್ಟಿಕೊಂಡ ಬಟ್ಟೆಯ ಚೀಲ. ಸೇರಿಕೊಳ್ಳುವ ಮುಂಚೆ ಹಾಡು ಕೇಳಿಹೋಗಲು ಬಂದಿದ್ದಳು. ಕಿವಿ ಮುಟ್ಟಿ ತೋರಿಸಿ ನಕ್ಕಳು.

"ಕಂಪ್ಯೂಟರ್ ಕೈಕೊಟ್ಟಿದೆ ಕಣೇ ಅಕ್ಕ," ಅಂದೆ. "ಸಾಯಂಕಾಲ ನಿನ್ನ ಮಂಚದ ಹತ್ರಾನೇ ತಂದು ಕೇಳಿಸ್ತೀನಿ."

ಅವಳು ನನ್ನನ್ನು ನೋಡಲಿಲ್ಲ, ಗಂಡನನ್ನು ನೋಡಿದಳು. ಸುಳ್ಳು ಹೇಳುವುದಿರಲಿ, ಸುಳ್ಳಿನ ಪಕ್ಕದಲ್ಲಿ ನಿಲ್ಲಲೂ ಬಾರದ ಮನುಷ್ಯ ಅವರು. "ಹೋಯ್ತು ಕಣೇ," ಅಂದುಬಿಟ್ಟರು. "ನಾನೇ ಅಳಿಸಿಬಿಟ್ಟೆ."

ಅಕ್ಕ ಅಳಲಿಲ್ಲ. ಚೀಲವನ್ನು ಗೋಡೆಗೆ ಒರಗಿಸಿಟ್ಟು, ಗಾಜಿನಾಚೆಯ ಹಾಡುವ ಕೋಣೆಗೆ ಹೋಗಿ, ದಪ್ಪ ಬಾಗಿಲು ಎಳೆದುಕೊಂಡು, ಹೆಡ್‌ಫೋನ್ ಹಾಕಿಕೊಂಡು ಮೈಕಿನ ಮುಂದೆ ನಿಂತಳು.

"ಹಾಡ್ಲಿ ಬಿಡು," ಭಾವ ಪಿಸುಗುಟ್ಟಿದರು. "ಒಂದೇ ಸಲ. ಮೆಲ್ಲಗೆ ಹಾಡ್ತಾಳೆ. ಅವಳಿಗೇ ಇಷ್ಟ ಇದೆ."

"ತಲೆ ನೆಟ್ಟಗಿದೆಯಾ ನಿಮಗೆ? ಡಾಕ್ಟರು ಹೇಳಿದ್ದು ಕಿವಿಗೆ ಬೀಳ್ಲಿಲ್ವಾ?"

"ಆಪರೇಷನ್ ಆದ್ಮೇಲೆ ದನಿ ಬರ್ದೇ ಹೋದ್ರೆ? ಆಗ ಏನೂ ಉಳಿಯಲ್ಲ. ಏನೂ."

ರೆಕಾರ್ಡ್ ಮಾಡಲು ಡಿಸ್ಕನ್ನು ಮತ್ತೆ ಜೋಡಿಸಬೇಕೆಂದು ಅವರು ವೈರಿಗೆ ಕೈಹಾಕಿದರು. ನಾನು ಆ ಕೈಗೆ ಫಟಾರನೆ ಹೊಡೆದೆ. ಅಷ್ಟು ವರ್ಷಗಳಲ್ಲಿ ಅವರಿಗೆ ಎದುರಾಡಿದ್ದುಂಟು, ಕೈ ಎತ್ತಿದ್ದಿರಲಿಲ್ಲ. ಗಾಜಿನಾಚೆ ಅಕ್ಕ ಬೆರಳೆತ್ತಿ ಶುರುಮಾಡು ಅಂದಳು. ನಾನು ಮಾಡಲಿಲ್ಲ. ನಾನು ಶುರುಮಾಡದಿದ್ದರೂ ಅವಳು ಹಾಡುವವಳೇ; ಎದೆ ತುಂಬ ಉಸಿರೆಳೆದುಕೊಂಡದ್ದು ನನ್ನ ಸ್ಪೀಕರಿನಲ್ಲಿ ಕೇಳಿಸಿತು.

ಅವಳ ಹೆಡ್‌ಫೋನಿಗೆ ನನ್ನ ಮಾತು ಕೇಳಿಸುವ ಮೈಕಿನ ಗುಂಡಿ ಒತ್ತಿ, ಡಿಸ್ಕನ್ನು ಎರಡೂ ಕೈಯಲ್ಲಿ ತಲೆಗಿಂತ ಮೇಲೆತ್ತಿದೆ.

"ಅಕ್ಕಾ, ನಿನ್ನ ಹಾಡು ಇನ್ನೂ ಇದರೊಳಗೇ ಇದೆ. ನೀನು ಒಂದು ಸ್ವರ ಎತ್ತಿದ್ರೆ ಇದನ್ನ ನೆಲಕ್ಕೆ ಬಡೀತೀನಿ. ಇದೂ ಇಲ್ಲ, ಅದೂ ಇಲ್ಲ ಅಂತಾಗುತ್ತೆ. ನನ್ನ ಕೋಪ ನಿನಗೆ ಗೊತ್ತು."

ಕೋಪವಲ್ಲ ಅದು, ಹೆದರಿಕೆ. ನನ್ನ ಕೈ ಎಷ್ಟು ನಡುಗುತ್ತಿತ್ತೆಂದರೆ ಬಡಿಯದೆಯೂ ಬಿದ್ದುಹೋಗುವಂತಿತ್ತು. ಅಕ್ಕ ನನ್ನ ಕೈಗಳನ್ನೇ ನೋಡುತ್ತ, ಎಳೆದುಕೊಂಡ ಉಸಿರನ್ನು ಮೆಲ್ಲಗೆ ಬಿಟ್ಟಳು. ಹೊರಗೆ ಬಂದು ಡಿಸ್ಕಿನ ಮೇಲೆ ಅಂಗೈಯಿಟ್ಟು, ಸಿಗುತ್ತಾ ಅಂತ ಹುಬ್ಬಿನಲ್ಲೇ ಕೇಳಿದಳು.

"ಸಿಗುತ್ತೆ," ಅಂದೆ. ನನಗೇನೂ ಗೊತ್ತಿರಲಿಲ್ಲ.

ಮರುದಿನ ಅಕ್ಕನನ್ನು ಆಪರೇಷನ್ನಿಗೆ ಕರೆದೊಯ್ದಾಗ ಭಾವ ಅಲ್ಲಿ, ನಾನು ಇಲ್ಲಿ ಅಂಗಡಿಯ ಮುರುಕು ಸ್ಟೂಲಿನ ಮೇಲೆ. ಫೈಲುಗಳು ಹೆಸರು ಕಳೆದುಕೊಂಡು ಒಂದೊಂದಾಗಿ ಮೇಲೆ ಬಂದವು. ಅಂಗಡಿಯವನು ಒತ್ತುತ್ತಿದ್ದ, ನಾನು ಕೇಳುತ್ತಿದ್ದೆ. ಯಾರದೋ ಕೆಮ್ಮು. ಕುರ್ಚಿ ಎಳೆದ ಸದ್ದು. ನಾನೇ ಯಾರನ್ನೋ ಗದರುತ್ತಿದ್ದುದು. ಕೊನೆಗೆ ಅಕ್ಕ ಹಾಡಿದಳು. ಪಲ್ಲವಿ, ಮೊದಲ ಚರಣ, ಎರಡನೆಯದು. ಮೂರನೆಯದರ ಎರಡನೇ ಸಾಲಿನ ನಡುವೆ ದಬದಬ ಡ್ರಮ್ಸ್ ನುಗ್ಗಿತು.

"ಇಷ್ಟೇ," ಅಂದ ಅಂಗಡಿಯವನು. "ಮುಂದಿಂದು ಇನ್ನು ಸಿಗಲ್ಲ."

ಡ್ರಮ್ಸ್ ಕತ್ತರಿಸಿ, ಉಳಿದದ್ದನ್ನು ಫೋನಿಗೆ ಹಾಕಿಕೊಂಡು ಆಸ್ಪತ್ರೆಗೆ ಓಡಿದೆ. ಭಾವ ಕಾರಿಡಾರಿನಲ್ಲೇ ತಡೆದು ಹೇಳಿದರು: ಗಂಟು ತೆಗೆದಾಗಿದೆ, ಗಾಯ ಹಸಿಯಾಗಿದೆ, ವಾರಗಟ್ಟಲೆ ಉಸಿರಿನಲ್ಲೂ ಮಾತಾಡಬಾರದು, ದನಿಯ ಬಗ್ಗೆ ಡಾಕ್ಟರು ಇನ್ನೂ ಬಾಯಿಬಿಟ್ಟಿಲ್ಲ.

ಅಕ್ಕ ಎಚ್ಚರವಾಗಿದ್ದಳು. ಮಂಪರು ಪೂರ್ತಿ ಇಳಿದಿರಲಿಲ್ಲ. "ಸಿಕ್ತು ಕಣೇ," ಅಂದೆ. "ಕೊನೇಲಿ ಸ್ವಲ್ಪ ಇಲ್ಲ." ಅದು ಅವಳಿಗೆ ಕೇಳಿಸಿತೋ ಇಲ್ಲವೋ. ಹೆಡ್‌ಫೋನ್ ಹಾಕಿದೆ. ಕಣ್ಣು ಮುಚ್ಚಿಕೊಂಡಳು. ನಾನು ಫೋನಿನ ಮೇಲೆ ಓಡುವ ಗೆರೆ ನೋಡುತ್ತ ಕೂತೆ. ಪಲ್ಲವಿಗೆ ಅವಳ ಬೆರಳು ಹೊದಿಕೆಯ ಮೇಲೆ ತಾಳ ಹಾಕಿತು. ಭಾವ ಬಾಗಿಲಲ್ಲೇ ನಿಂತು ಅಳುತ್ತಿದ್ದರು.

ಗೆರೆ ಕೊನೆ ಮುಟ್ಟಿ ನಿಂತಿತು. ಅಕ್ಕನ ಬೆರಳು ನಿಲ್ಲಲಿಲ್ಲ. ಹಾಡು ಅಲ್ಲಿಗೇ ಮುಗಿಯುವುದಿಲ್ಲ ಅಂತ ಬರೆದವಳಿಗೆ ಗೊತ್ತಿತ್ತು. ಅರೆ ಮಂಪರಿನಲ್ಲಿ ಅವಳ ಎದೆ ಉಬ್ಬಿತು, ತುಟಿ ಬಿರಿಯಿತು, ಮುಂದಿನ ಮಾತಿಗೆ ಬಾಯಿ ತೆರೆದಳು.

ಫೋನ್ ಎಲ್ಲಿ ಬಿತ್ತೋ ಕಾಣೆ. ನಾನು ಅವಳ ಬಾಯಿ ಮುಚ್ಚಿದ್ದೆ. ಅಂಗೈಗೆ ಬಿಸಿ ಉಸಿರು ತಾಗಿತು, ಅದರ ಜೊತೆ ಒಂದು ಸಣ್ಣ ನಡುಕ. ಅದು ದನಿಯಾಗಿದ್ದರೆ ಅವಳಿಗೆ ದನಿಯಿದೆ, ಮತ್ತು ಅದನ್ನು ಅವಳು ಈಗ ಹರಿದುಕೊಳ್ಳುತ್ತಿದ್ದಾಳೆ. ನನ್ನ ಕೈಯೇ ನಡುಗಿದ್ದಾದರೆ ಅಲ್ಲಿ ಏನೂ ಇಲ್ಲ. ಅಕ್ಕ ಕಣ್ಣು ತೆರೆದು ನನ್ನನ್ನೇ ನೋಡಿದಳು. ನಾನು ಕೈ ತೆಗೆಯಲಿಲ್ಲ.