ಐವತ್ತೇಳನೆಯ ಓಲೆ

ನನ್ನ ಗಂಡ ಶಿವರಂಜನ್ ತೀರಿಕೊಂಡ ಮೂರು ತಿಂಗಳಿಗೆ ಅವನ ಕುರ್ಚಿಯನ್ನು ನನಗೆ ಕೊಟ್ಟರು. ಗಿಂಡಿ ಬಡಾವಣೆಯ ಒಂದು ಖಾಸಗಿ ಗ್ರಂಥಾಲಯದಲ್ಲಿ ಅವನು ಕನ್ನಡದ ತಾಳೆಯೋಲೆಗಳ ಫೋಟೊ ತೆಗೆದು ಕಂಪ್ಯೂಟರಿಗೆ ಸೇರಿಸುತ್ತಿದ್ದ. ನಾವಿಬ್ಬರೂ ಎಂ.ಎ.ಯಲ್ಲಿ ಒಂದೇ ತರಗತಿ. ಹಳೆಯ ಲಿಪಿ ನನಗೂ ಓದಲು ಬರುತ್ತಿತ್ತು. ಆದರೂ ಆದೇಶದಲ್ಲಿ 'ಅನುಕಂಪದ ಆಧಾರದ ಮೇಲೆ' ಎಂದೇ ಇತ್ತು. ಅದು 2003ರ ಜುಲೈ.

ಕೆಲಸ ಕಷ್ಟದ್ದಲ್ಲ. ಅವನು ತೆಗೆದಿದ್ದ ಚಿತ್ರಗಳನ್ನು ಒಂದೊಂದಾಗಿ ತೆರೆದು, ಅಕ್ಷರ ಮಸುಕಾಗಿಲ್ಲವೆಂದು ನೋಡಬೇಕು. ಆಮೇಲೆ ಆ ಕಟ್ಟಿನ ನಮೂನೆ ತುಂಬಬೇಕು. ಮೊದಲ ಸಾಲು, ಕೊನೆಯ ಸಾಲು, ಓಲೆಗಳೆಷ್ಟು, ಸ್ಥಿತಿ ಹೇಗಿದೆ. ಬೆಳಿಗ್ಗೆ ಮೈಲಾಪೂರಿನಿಂದ ಬಸ್ಸು, ಸಂಜೆ ಮತ್ತೆ ಬಸ್ಸು. ಮನೆಯಲ್ಲಿ ಅತ್ತೆ ಕಲ್ಯಾಣಮ್ಮ ಬಾಗಿಲು ತೆರೆದು, "ಊಟಾ ಮಾಡಿದ್ಯೇನ? ಡಬ್ಬಿ ತೋರಸು," ಎನ್ನುತ್ತಿದ್ದರು. ನಾನು ತೋರಿಸುತ್ತಿದ್ದೆ. ಅರ್ಧ ಉಳಿದಿರುತ್ತಿತ್ತು.

ಎರಡನೆಯ ವಾರ 417ನೆಯ ಕಟ್ಟು ಬಂತು. ಒಬ್ಬ ಶಿವಭಕ್ತೆಯ ಕಥೆ, ಷಟ್ಪದಿಯಲ್ಲಿದೆ. ಈ ಹಸ್ತಪ್ರತಿ ನಾನೂರು ವರ್ಷಕ್ಕಿಂತ ಹಳೆಯದು. ತೊಂಬತ್ನಾಲ್ಕು ಓಲೆ. ಹನ್ನೆರಡನೆಯ ಚಿತ್ರದ ಎಡ ಅಂಚಿನಲ್ಲಿ ಒಂದು ಬೆರಳಿತ್ತು.

ಓಲೆ ಸುರುಳಿಯಾಗುತ್ತದೆ. ಮೇಲೆ ಗಾಜು ಇಟ್ಟು ಒತ್ತಬೇಕೆಂದು ನಿಯಮ. ಅವನು ಗಾಜು ಇಟ್ಟಿರಲಿಲ್ಲ. ಎಡಗೈಯ ತೋರುಬೆರಳಿನಿಂದ ಅಂಚನ್ನು ಒತ್ತಿ ಹಿಡಿದಿದ್ದ. ಉಗುರಿನ ಮೇಲೆ ಉದ್ದಕ್ಕೆ ಕಪ್ಪು ಗೆರೆ. ಲೋಕಲ್ ರೈಲಿನ ಬಾಗಿಲಿಗೆ ಸಿಕ್ಕಿಸಿಕೊಂಡಿದ್ದು. ನೋಡಿದರೆ ಅಂಥವು ಇಪ್ಪತ್ತೊಂದು. ಐವತ್ತೇಳನೆಯದರಲ್ಲಿ ಬೆರಳು ಎರಡನೆಯ ಗೆಣ್ಣಿನವರೆಗೂ ಇತ್ತು.

ನಮ್ಮ ಮನೆಯಲ್ಲಿರುವ ಯಾವ ಫೋಟೊದಲ್ಲಿಯೂ ಅವನ ಕೈ ಸರಿಯಾಗಿ ಕಾಣುವುದಿಲ್ಲ.

ಮೇಲ್ವಿಚಾರಕ ಸತ್ಯನಾರಾಯಣ ನನ್ನ ಹಿಂದೆ ಬಂದು ನಿಂತು ಪರದೆ ನೋಡಿದರು.

"ಅಯ್ಯೋ, ಬೆರಳು! ಇದೆಲ್ಲಾ ರಿಜೆಕ್ಟ್ ಮಾಡಮ್ಮಾ. ದುಡ್ಡು ಕೊಡೋ ಡೆಲ್ಲಿಯವರು ನೋಡಿದ್ರೆ ಸಿ.ಡಿ. ಮುಖಕ್ಕೇ ಎಸೀತಾರೆ."

"ಚಿತ್ರದ ಅಂಚು ಕತ್ತರಿಸಿದರೆ?"

"ಅಂಚಲ್ಲೇ ತಾನೇ ಓಲೆ ನಂಬರ್ ಇರೋದು? ಪುನಃ ತೆಗಿ. ಶುಕ್ರವಾರ ಸಿ.ಡಿ. ಹೋಗ್ಬೇಕು. ಸೀಕ್ರಮಾ ಮಾಡು." ಹೋಗುತ್ತಾ ಬಾಗಿಲಲ್ಲಿ ನಿಂತರು. ಆ ಬೆರಳು ಯಾರದೆಂದು ಆಗ ಹೊಳೆದಿರಬೇಕು. "ಕಷ್ಟ ಆದ್ರೆ ಬೇರೆಯವರಿಗೆ ಹೇಳ್ತೀನಮ್ಮಾ," ಎಂದರು.

"ಬೇಡ ಸಾರ್. ನಾನೇ ತೆಗೀತೀನಿ."

ಹೊಸ ಚಿತ್ರ ಸೇರಿಸಿದರೆ ಹಳೆಯದು ಅಳಿಸಿಹೋಗುತ್ತದೆ. ಒಂದನ್ನು ಮುದ್ರಿಸಿ ಮನೆಗೆ ಒಯ್ಯಬಹುದಿತ್ತು. ಆದರೆ ಅತ್ತೆ ಅವನ ಫೋಟೊಗೆ ದಿನವೂ ವಿಭೂತಿ ಹಚ್ಚಿ ಹಾರ ಹಾಕುತ್ತಾರೆ. ಬೆರಳಿಗೂ ಹಾಕುತ್ತಿದ್ದರು. ನನಗೆ ಅದು ಇದ್ದಲ್ಲೇ, ಓಲೆಯ ಮೇಲೆ, ಕೆಲಸದಲ್ಲಿ ಇರಬೇಕಾಗಿತ್ತು.

ಓಲೆಗಳಿಗೆ ಎಣ್ಣೆ ಹಚ್ಚುವವನು ಬಾಬು. ಐವತ್ತು ದಾಟಿದವನು, ಎಣ್ಣೂರಿನಿಂದ ಬರುತ್ತಾನೆ. ಅವನ ತಾತನ ಕಾಲಕ್ಕೇ ಕೋಲಾರದ ಕಡೆಯಿಂದ ಬಂದವರು. ಕಟ್ಟು ಬಿಚ್ಚಿ, ಇಪ್ಪತ್ತೊಂದು ಓಲೆ ತೆಗೆದು ಅವನ ಮುಂದಿಟ್ಟೆ.

"ಗಾಜು ಗೀಜು ಬೇಡ ಅಕ್ಕಾ," ಎಂದ. "ನಿಂಬೆಹುಲ್ಲಿನ ಎಣ್ಣೆ ಹಚ್ಚಿ ಒಂದು ನಾಳ್, ನಾಳೆವರೆಗೂ ಬಿಟ್ರೆ ತಾನಾಗೇ ಮಟ್ಟಸ ಮಲಗುತ್ತೆ. ಒಣಗಿ ಕಾಯ್ದಿರೋದರ ಮೇಲೆ ಗಾಜು ಇಟ್ಟೆ ಅಂದ್ಕೋ, ಪಟ್ ಅಂತ ಒಡೆಯುತ್ತೆ. ನಮ್ಮ ಮಾಮಿಯಾರ್ ಥರ. ಎಣ್ಣೆ ಹಚ್ಚಿದ್ರೇನೇ ಬಗ್ಗೋದು."

"ನಿಮ್ಮತ್ತೆಗೂ ನೀನೇ ಹಚ್ತೀಯಾ?"

"ಇಪ್ಪತ್ತಾರು ವರ್ಷ ಆಯ್ತಕ್ಕಾ. ಎಣ್ಣೆ ಮುಗೀತು, ಅವರು ಬಗ್ಗಲಿಲ್ಲ."

ನಾನು ನಕ್ಕೆನೆಂದು ಕಾಣುತ್ತದೆ. ಅವನು ಖುಷಿಯಾಗಿ ಹತ್ತಿ ತರಲು ಹೋದ. ಆ ಹೊತ್ತಿನಲ್ಲಿ ಐವತ್ತೇಳನೆಯ ಓಲೆಯನ್ನು ತೆಗೆದು ನನ್ನ ಮೇಜಿನ ಖಾನೆಯಲ್ಲಿಟ್ಟೆ.

ಗುರುವಾರ ಬೆಳಿಗ್ಗೆ ಇಪ್ಪತ್ತು ಓಲೆಗಳು ಮಟ್ಟಸವಾಗಿ ಮಲಗಿದ್ದವು. ಕೋಣೆಯೆಲ್ಲ ನಿಂಬೆಯ ವಾಸನೆ. ಒಂದೊಂದನ್ನೂ ತೆಗೆದು, ಹಳೆಯದರ ಜಾಗಕ್ಕೆ ಸೇರಿಸಿದೆ. ಪ್ರತಿ ಸಲವೂ ಕಂಪ್ಯೂಟರ್ ಹಳೆಯದನ್ನು ಅಳಿಸಲೇ ಎಂದು ಕೇಳಿತು. ಇಪ್ಪತ್ತು ಸಲ ಹೌದೆಂದು ಒತ್ತಿದೆ. ಮಧ್ಯಾಹ್ನ ಮೊಸರನ್ನ ತಿಂದೆ.

ಆಮೇಲೆ ಖಾನೆಯಿಂದ ಐವತ್ತೇಳನ್ನು ತೆಗೆದೆ. ಒಣಗಿ, ಬೆಲ್ಲದ ಬಣ್ಣಕ್ಕೆ ತಿರುಗಿ, ಎರಡೂ ತುದಿ ಎದ್ದಿತ್ತು. ಒಮ್ಮೆ ಓದಿದೆ. ಆ ಹೆಂಗಸು ಗುಡಿಯ ಮುಂದೆ ಬುಟ್ಟಿ ಇಳಿಸಿ ಕೂತಿದ್ದಾಳೆ, ಒಳಗೆ ಬಿಡುತ್ತಿಲ್ಲ. ಯಾರೋ ಒಬ್ಬರು ಕಂಟವೆಂಬ ಕಬ್ಬಿಣದ ಮೊನೆಯಿಂದ ಕೊರೆದ ಏಳು ಸಾಲು. ಅವರ ಕೈ ಎಲ್ಲೂ ತಪ್ಪಿರಲಿಲ್ಲ.

ಒಡೆಯುತ್ತದೆಂದು ನನಗೆ ಗೊತ್ತಿತ್ತು. ಗಾಜು ಇಟ್ಟೆ. ಎರಡೂ ಕೈಯಿಂದ ಒತ್ತಿದೆ.

ಸದ್ದು ಚಿಕ್ಕದು. ಎಡಗಡೆಯ ದಾರದ ತೂತಿನ ಬಳಿ ಎರಡಾಯಿತು. ಮೂರು ಅಕ್ಷರಗಳು ಪುಡಿಯಾಗಿ ಗಾಜಿಗೆ ಅಂಟಿಕೊಂಡವು.

ಸತ್ಯನಾರಾಯಣ ಬಂದು ತಲೆ ಚಚ್ಚಿಕೊಂಡರು. ನಂತರ ನನ್ನ ಮುಖ ನೋಡಿ ದನಿ ಇಳಿಸಿದರು. "ಹೋಗ್ಲಿ ಬಿಡಮ್ಮಾ. ರೂಲ್ ಪ್ರಕಾರ ತಾನೇ ಮಾಡಿದೆ? ಹಳೇ ಚಿತ್ರದಲ್ಲಿ ಪೂರ್ತಿ ಇದೆಯಲ್ಲ, ಅದನ್ನೇ ಇಡು. ಬೆರಳಿದ್ರೆ ಇರ್ಲಿ. ಷರಾದಲ್ಲಿ ಬರೆದ್ಬಿಡು."

ಬರೆದೆ. 'ಓಲೆ 57 ಮುರಿದಿದೆ. ಚಿತ್ರ ಮುರಿಯುವ ಮುಂಚಿನದು. ಎಡ ಅಂಚಿನಲ್ಲಿ ಚಿತ್ರ ತೆಗೆದವರ ಬೆರಳು ಕಾಣುತ್ತದೆ.' ಅದರ ಕೆಳಗೆ ಹಾನಿಯ ಕಾರಣವೆಂದು ನಾಲ್ಕು ಚೌಕಗಳಿದ್ದವು. ಹುಳು, ತೇವ, ಬೆಂಕಿ, ಇತರ.

ಬಾಬು ತುಂಡುಗಳನ್ನು ಎತ್ತಿಕೊಂಡು ಮೂಸಿದ. ಇನ್ನೊಮ್ಮೆ ಮೂಸಿದ.

"ಇದಕ್ಕೆ ನಾನು ಎಣ್ಣೆ ಹಚ್ಚಲೇ ಇಲ್ವಾ ಅಕ್ಕಾ?" ಎಂದ. ಮುಖ ಸಣ್ಣದಾಗಿತ್ತು. "ಇಪ್ಪತ್ತೊಂದು ತಾನೇ ಕೊಟ್ಟಿದ್ದು? ನಾನು ಎಣಿಸಲಿಲ್ಲ. ನನ್ನದೇ ತಪ್ಪು. ಸಾರ್‌ಗೆ ಹೇಳ್ತೀನಿ."

ಅವನು ಬಾಗಿಲವರೆಗೆ ಹೋಗಿದ್ದ.

"ಬಾಬು, ನೀನು ಹಚ್ಚಬಾರದು ಅಂತ ನಾನೇ ತೆಗೆದಿಟ್ಟಿದ್ದೆ."

ಅವನು ತಿರುಗಿ ನನ್ನನ್ನು ನೋಡಿದ. ನಂತರ ಪರದೆಯ ಮೇಲಿದ್ದ ಬೆರಳನ್ನು ನೋಡಿದ. ಆ ಉಗುರು ರೈಲಿನ ಬಾಗಿಲಿಗೆ ಸಿಕ್ಕಿದ ದಿನ ಮಂಜುಗಡ್ಡೆ ತಂದುಕೊಟ್ಟವನು ಅವನೇ ಅಂತೆ. ತನ್ನ ಮೇಜಿಗೆ ಹೋಗಿ ಕೂತು, ಹತ್ತಿ ಅದ್ದಿ, ಎರಡೂ ತುಂಡುಗಳಿಗೆ ಎಣ್ಣೆ ಹಚ್ಚತೊಡಗಿದ.

ನಾನು 'ಇತರ' ಎಂಬ ಚೌಕದಲ್ಲಿ ಗುರುತು ಹಾಕಿದೆ. ಪಕ್ಕದಲ್ಲಿ ವಿವರಕ್ಕೆಂದು ಒಂದು ಸಾಲು ಖಾಲಿ ಬಿಟ್ಟಿದ್ದರು. ಅಲ್ಲಿ ನನ್ನ ಹೆಸರು ಬರೆದೆ.